ಕಿವಿಗೊಂದು, ಕೈಗೊಂದು: ಯಾವ ಪುಸ್ತಕ ಕೇಳಬೇಕು, ಯಾವುದನ್ನು ಓದಬೇಕು?

ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿಯಲ್ಲಿ ಮುಂಬೈಯ ಫಾಸ್ಟ್ ಲೋಕಲ್ ರೈಲು ಹತ್ತಿದವರಿಗೆ ಇರುವುದು ಎರಡೇ ಕೈ. ಒಂದು ಮೇಲಿನ ಹ್ಯಾಂಡಲ್ಲಿಗೆ, ಇನ್ನೊಂದು ಎದೆಗವಚಿಕೊಂಡ ಬ್ಯಾಗಿಗೆ. ಪುಸ್ತಕ ಹಿಡಿಯಲು ಮೂರನೆಯದು ಬೇಕು, ಪುಟ ತಿರುಗಿಸಲು ನಾಲ್ಕನೆಯದು. ಠಾಣೆಯಲ್ಲಿ ಯಾರಾದರೂ ಇಳಿದು ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯ ಸೀಟು ಸಿಕ್ಕಿದರೂ ಅರ್ಧ ಮೈ ಹಾದಿಯಲ್ಲೇ ಇರುತ್ತದೆ. ಡೆಮಿ ಅಳತೆಯ, ಅಂದರೆ ಮಾಮೂಲಿ ಕಾದಂಬರಿ ಗಾತ್ರದ ಪುಸ್ತಕ ಅಲ್ಲಿ ಬಿಚ್ಚಿದರೆ ಪಕ್ಕದವರ ಮೂಗಿಗೆ ತಾಗುತ್ತದೆ. ನಾನು ಆಡಿಯೋಬುಕ್‌ಗೆ ಬಂದದ್ದು ಹೊಸದರ ಮೋಹದಿಂದಲ್ಲ, ಜಾಗ ಇಲ್ಲದ್ದರಿಂದ. ಕೊನೆಯ ಸ್ಟೇಷನ್ ಸಿಎಸ್‌ಎಂಟಿ ತನಕ 48 ಕಿಲೋಮೀಟರ್, ಹೋಗಿ ಬರಲು ದಿನಕ್ಕೆ ಎರಡು ಗಂಟೆಗೂ ಹೆಚ್ಚು. ಅಷ್ಟು ಹೊತ್ತು ಮುಂದಿನವರ ಜಡೆಯನ್ನೇ ನೋಡುತ್ತಾ ನಿಲ್ಲುವುದು ಎಷ್ಟು ವರ್ಷ ಸಾಧ್ಯ?

ಈಗ ಕನ್ನಡ ಕಾರ್ಯಕ್ರಮಗಳಲ್ಲಿ ಚಹಾದ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಕೇಳೋದು ಓದಿದ ಹಾಗೆ ಆಗ್ತದಾ?’ ಕೇಳುವವರಲ್ಲಿ ಅರ್ಧ ಮಂದಿಗೆ ನಿಜವಾದ ಕುತೂಹಲ, ಇನ್ನರ್ಧಕ್ಕೆ ಆಗುವುದಿಲ್ಲ ಎಂದು ನನ್ನ ಬಾಯಲ್ಲೇ ಹೇಳಿಸುವ ಆಸೆ. ಎರಡನ್ನೂ ಕೆಲವು ವರ್ಷ ಬಳಸಿದವಳ ಲೆಕ್ಕಾಚಾರ ಇಲ್ಲಿದೆ.

ಮನೆಯಲ್ಲಿ ಅಕ್ಷರ ಯಾರಿಗೆ ಬರುತ್ತದೆ?

ಬೆಂಗಳೂರಿನಲ್ಲಿ ಕೂತು ಇಂಥ ಹೋಲಿಕೆ ಬರೆಯುವವರು ಸಮಯ, ಹಣ, ಏಕಾಗ್ರತೆಯಿಂದ ಶುರು ಮಾಡುತ್ತಾರೆ. ಮುಂಬೈ ಕನ್ನಡಿಗರ ಮನೆಯಲ್ಲಿ ಅದಕ್ಕಿಂತ ಮೊದಲಿನ ಪ್ರಶ್ನೆ ಬೇರೆ ಇದೆ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಅತ್ತೆಗೆ ಕನ್ನಡ ಓದಲು ಬರುತ್ತದೆ, ಕಣ್ಣು ಸಾಲದು. ನನಗೆ ಎರಡೂ ಇವೆ, ಹೊತ್ತು ಸಾಲದು. ಒಂಬತ್ತನೇ ಕ್ಲಾಸಿನ ಮಗಳು ಮನೆಯಲ್ಲಿ ಅಜ್ಜಿಯ ಜತೆ ಕುಂದಾಪುರದ ಮಾತಿನಲ್ಲೇ ಜಗಳ ಆಡುತ್ತಾಳೆ; ದೇವನಾಗರಿಯನ್ನು ಸರಸರ ಓದುತ್ತಾಳೆ; ಕನ್ನಡ ಪುಸ್ತಕ ಕೊಟ್ಟರೆ ಮಾತ್ರ ರಂಗೋಲಿ ನೋಡಿದ ಹಾಗೆ ನೋಡುತ್ತಾಳೆ.

ಒಂದು ಕಾಲದಲ್ಲಿ ಇಲ್ಲಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ದಿನವಿಡೀ ಲೋಟ ತೊಳೆದು ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮಾಡಿದರು. ಮಹಾನಗರಪಾಲಿಕೆಯೇ ಕನ್ನಡ ಮಾಧ್ಯಮದ ಶಾಲೆ ನಡೆಸಿತು. ಅವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ ಎರಡನೇ ಭಾಷೆಯಾಗಿ ಹಿಂದಿ, ಮೂರನೆಯದಾಗಿ ಮರಾಠಿ ಕಲಿಯುತ್ತಾರೆ. ಮಾತು ಉಳಿದಿದೆ, ಲಿಪಿ ಹೋಗಿದೆ. ಇಂಥವರಿಗೆ ಆಡಿಯೋಬುಕ್ಕೋ ಅಚ್ಚಿನ ಪುಸ್ತಕವೋ ಎನ್ನುವ ಆಯ್ಕೆಯೇ ಇಲ್ಲ. ಕೇಳಿದರೆ ಕನ್ನಡ ಸಾಹಿತ್ಯ ಉಂಟು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಹೀಗೆ ಮಾತು ಬಂದು ಅಕ್ಷರ ಬಾರದ ಮಗುವಿದ್ದರೆ ಮುಂದಿನದ್ದನ್ನೆಲ್ಲ ಓದುವ ಮೊದಲೇ ಒಂದು ಒಳ್ಳೆಯ ಕಥಾಸಂಗ್ರಹ ಹುಡುಕಿ ಕೇಳಿಸಿ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

‘ಕೇಳುವುದು ಸೋಮಾರಿಗಳ ಓದು’ ಎನ್ನುವವರಿಗೆ ಒಂದು ಮಾತು. ಕುಮಾರವ್ಯಾಸನ ಭಾರತವನ್ನು ನಮ್ಮ ಹಿಂದಿನವರು ಬಹುಪಾಲು ಕಿವಿಯಿಂದಲೇ ಪಡೆದರು. ಗಮಕಿ ಷಟ್ಪದಿಯನ್ನು ರಾಗದಲ್ಲಿ ಓದುತ್ತಿದ್ದರು, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಿದ್ದರು. ಮುಂಬೈಯ ಸಭಾಗೃಹಗಳಲ್ಲಿ ಈಗಲೂ ತಾಳಮದ್ದಳೆ ನಡೆದರೆ ಜನ ರಾತ್ರಿ ಹತ್ತರ ತನಕ ಕೂತು ವೇಷ ಕುಣಿತಗಳಿಲ್ಲದ ಬರೀ ಹಾಡು, ಮಾತು ಕೇಳುತ್ತಾರೆ. ಕೇಳುವುದು ನಮಗೆ ಹೊಸತಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಗಮಕದಲ್ಲಿ ಪದ್ಯ ನಿಲ್ಲುತ್ತದೆ, ವ್ಯಾಖ್ಯಾನ ಬರುತ್ತದೆ, ಕೇಳುಗರಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತದೆ. ಆಡಿಯೋಬುಕ್ ಯಾರಿಗೂ ಕಾಯುವುದಿಲ್ಲ. ಅದರ ಬಹುಪಾಲು ತೊಂದರೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಯಾವುದು ತಲೆಯಲ್ಲಿ ನಿಲ್ಲುತ್ತದೆ?

ಕೇಳಿದರೆ ಅರ್ಥ ಕಡಿಮೆ ಆಗುತ್ತದೆಯೇ ಎಂಬುದನ್ನು ಸಂಶೋಧಕರು ಪರೀಕ್ಷಿಸಿ ನೋಡಿದ್ದಾರೆ. 2016ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಒಂದೇ ಪುಸ್ತಕದ ಭಾಗಗಳನ್ನು ಕೆಲವರು ಕೇಳಿದರು, ಕೆಲವರು ಓದಿದರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಆಮೇಲೆ ಪ್ರಶ್ನೆ ಕೇಳಿದಾಗ ಮೂರು ಗುಂಪಿನ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ 2010ರ ಇನ್ನೊಂದು ಅಧ್ಯಯನದಲ್ಲಿ ಪಾಠದ ಲೇಖನವನ್ನು ಪಾಡ್‌ಕಾಸ್ಟಾಗಿ ಕೇಳಿದ ವಿದ್ಯಾರ್ಥಿಗಳು ಓದಿದವರಿಗಿಂತ ಕಡಿಮೆ ಅಂಕ ಪಡೆದರು. ಇಂಥ ಹಲವಾರು ಅಧ್ಯಯನಗಳನ್ನು ಒಟ್ಟು ಹಾಕಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಸಾರ ಹೀಗೆ: ಒಟ್ಟಾರೆ ಸಮಸಮ, ಆದರೆ ಓದುಗರು ತಮ್ಮದೇ ವೇಗದಲ್ಲಿ ಓದುವಾಗಲೂ, ಬರಹದಲ್ಲಿ ನೇರ ಹೇಳದ್ದನ್ನು ಊಹಿಸಬೇಕಾದಾಗಲೂ ಓದಿಗೆ ಮೇಲುಗೈ.

ಲೋಕಲ್‌ನಲ್ಲಿ ನಿಂತು ಕೇಳಿದವರಿಗೆ ಇದರ ಕಾರಣ ಬೇರೆ ಹೇಳಬೇಕಿಲ್ಲ. ಓದುವಾಗ ಕಣ್ಣು ಮುಂದಕ್ಕಷ್ಟೇ ಹೋಗುವುದಿಲ್ಲ. ಅದರ ಜಿಗಿತಗಳಲ್ಲಿ ನೂರಕ್ಕೆ ಹತ್ತು ಹದಿನೈದು ಹಿಂದಕ್ಕೇ ಇರುತ್ತವೆ. ‘ಯಾರಿವನು, ಸೋದರಮಾವನಾ?’ ಎಂದು ಎರಡು ಸಾಲು ಮೇಲೆ ನೋಡಿ ಬಂದದ್ದು ನಮಗೆ ಗೊತ್ತೂ ಆಗುವುದಿಲ್ಲ. ಕೇಳುವಾಗ ಅದೇ ಕೆಲಸಕ್ಕೆ ಫೋನ್ ಹೊರತೆಗೆದು, ಲಾಕ್ ಬಿಡಿಸಿ, ಹದಿನೈದೋ ಮೂವತ್ತೋ ಸೆಕೆಂಡ್ ಹಿಂದೆ ಒತ್ತಬೇಕು. ಎರಡೂ ಕೈ ಸಿಕ್ಕಿಬಿದ್ದಿರುವಾಗ ಯಾರು ಒತ್ತುತ್ತಾರೆ? ಒಮ್ಮೆ ಒಂದು ಪತ್ತೇದಾರಿ ಕಾದಂಬರಿ ಕೇಳುತ್ತಿದ್ದೆ. ಘಾಟ್ಕೋಪರ್‌ನಲ್ಲಿ ಮೆಟ್ರೋ ಹಿಡಿಯುವ ಜನ ಇಳಿಯುವಾಗ ಆದ ನೂಕುನುಗ್ಗಲಿನಲ್ಲಿ ಮೂರು ನಿಮಿಷ ಕಥೆ ಕಿವಿಯ ಹೊರಗೇ ಹರಿಯಿತು. ‘ಪುಢೀಲ್ ಸ್ಟೇಷನ್ ಕುರ್ಲಾ’ (ಮುಂದಿನ ಸ್ಟೇಷನ್ ಕುರ್ಲಾ) ಎಂದು ಗಾಡಿ ಸಾರಿದಾಗ ಮನೆಯ ಯಜಮಾನ ಸತ್ತೇ ಹೋಗಿದ್ದ. ಕೊಂದವರು ಯಾರೆಂದು ಆಮೇಲೆ ತಿಳಿಯಿತು, ಹೇಗೆ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.

ಬ್ಯಾಂಕಿನ ಪರೀಕ್ಷೆಗೆ ಕೂತ ನನ್ನ ಸಹೋದ್ಯೋಗಿಯೊಬ್ಬರು ಪಠ್ಯವನ್ನೆಲ್ಲ ಫೋನಿಗೆ ಓದಿಸಿ ಗಾಡಿಯಲ್ಲಿ ಕೇಳಿ ಮುಗಿಸಿದರು. ಎಲ್ಲವೂ ಪರಿಚಿತ ಅನ್ನಿಸಿತಂತೆ, ಒಂದೂ ನೆನಪಾಗಲಿಲ್ಲವಂತೆ. ಪರೀಕ್ಷೆ, ಕಾನೂನು, ಲೆಕ್ಕ, ನಕ್ಷೆ, ಅಡಿಟಿಪ್ಪಣಿ ಇರುವುದೆಲ್ಲ ಅಚ್ಚಿನಲ್ಲೇ ಇರಲಿ, ಪೆನ್ಸಿಲ್ ಜತೆಗೆ.

ಕಾದಂಬರಿಗಳಲ್ಲಿ ಯಾವುದನ್ನು ಕೇಳುವುದು ಎಂದು ನಿರ್ಧರಿಸಲು ನನ್ನ ಒರೆಗಲ್ಲು ಹೀಗಿದೆ. ಪುಸ್ತಕ ನಡೆಯುವುದು ಘಟನೆಯಿಂದಲೋ, ಯಾರದೋ ತಲೆಯೊಳಗಿನ ಸುತ್ತುಗಳಿಂದಲೋ? ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದೇ ಊರಿನ ಕಥೆ. ಅದರ ನಾಗಪ್ಪ ಸಂಶಯದ ಒಳಗೆ ಸಂಶಯ ಬಿಡಿಸುತ್ತಾ ಹೋಗುವವನು. ಅವನ ಯೋಚನೆ ಹಿಡಿಯಲು ನಾನೂ ಎರಡು ಪ್ಯಾರಾ ಹಿಂದೆ ಹೋಗಿ ಬರುತ್ತಿರಬೇಕು. ಯಾರು ಎಷ್ಟು ಚೆನ್ನಾಗಿ ಓದಿ ಹೇಳಿದರೂ ಅಂಥದ್ದನ್ನು ನಾನು ಕೈಯಲ್ಲೇ ಹಿಡಿಯುತ್ತೇನೆ. ದೇವನೂರ ಮಹಾದೇವರ ‘ಕುಸುಮಬಾಲೆ’ ಇದಕ್ಕೆ ತದ್ವಿರುದ್ಧ. ನಂಜನಗೂಡು ಸೀಮೆಯ ಆಡುಮಾತನ್ನು ಹಾಗೆಯೇ ಅಚ್ಚಿಗಿಳಿಸಿದ ಆ ಪುಟಗಳು ಕರಾವಳಿಯ ನನ್ನ ಕಣ್ಣಿಗೆ ಮೊದಲ ಸಲ ಮುಳ್ಳುಬೇಲಿಯಂತೆ ಕಂಡವು. ಮೈಸೂರು ಕಡೆಯ ಗೆಳತಿ ನಾಲ್ಕು ಪುಟ ಜೋರಾಗಿ ಓದಿದಳು, ಬೇಲಿ ಸರಿಯಿತು. ಬೇರೆ ಸೀಮೆಯ ಕನ್ನಡ ಕಣ್ಣಿಗಿಂತ ಕಿವಿಗೆ ಬೇಗ ದಕ್ಕುತ್ತದೆ. ಕಿತ್ತೂರು ಕರ್ನಾಟಕದ, ಕಲಬುರಗಿಯ, ಕೋಲಾರದ ಕಥೆಗಳನ್ನು ಆ ಕಡೆಯವರ ಬಾಯಲ್ಲಿ ಕೇಳಲು ಸಿಕ್ಕಿದರೆ ಬಿಡಬೇಡಿ.

ಆತ್ಮಕಥೆ, ಪ್ರವಾಸಕಥನ, ಹಾಸ್ಯ, ಲಲಿತ ಪ್ರಬಂಧ ಇವೆಲ್ಲ ಕಿವಿಗೆ ಹೇಳಿ ಮಾಡಿಸಿದಂಥವು. ಕವಿತೆಯನ್ನು ಕೇಳಿ, ಆಮೇಲೆ ಓದಿ, ಮತ್ತೆ ಕೇಳಿ. ಅದಕ್ಕೆ ಇದೊಂದೇ ದಾರಿ.

ದನಿ ಸರಿಯಿಲ್ಲದಿದ್ದರೆ ಎಲ್ಲ ದಂಡ

ಅಚ್ಚಿನ ಪುಸ್ತಕದಲ್ಲಿ ಕಾಗದ ಕಳಪೆಯಾದರೂ ಕಥೆ ಕೆಡುವುದಿಲ್ಲ. ಆಡಿಯೋಬುಕ್‌ನಲ್ಲಿ ಓದುವವರೇ ಅರ್ಧ ಲೇಖಕರು. ಅತ್ತೆಗೆ ನಾನು ಮೊದಲು ಹಾಕಿಕೊಟ್ಟದ್ದು ಮಲೆನಾಡಿನ ಕೂಡುಕುಟುಂಬದ ಒಂದು ಕಾದಂಬರಿ. ಹತ್ತು ನಿಮಿಷ ಕೇಳಿ ಇಯರ್‌ಫೋನ್ ಕಿತ್ತು ಕೈಗೆ ಕೊಟ್ಟರು.

‘ಎಂತ ಅತ್ತೆ, ಕೇಳ್ಸೂದಿಲ್ವಾ?’

‘ಕೇಳ್ತದೆ ಮಾರಾಯ್ತಿ. ತೋಟದಲ್ಲಿ ಅಡಿಕೆ ಸುಲಿಯುವ ಹೆಂಗಸು ಟಿವಿಯಲ್ಲಿ ವಾರ್ತೆ ಓದುವವಳ ಹಾಗೆ ಮಾತಾಡ್ತಾಳಲ್ಲ, ಅದನ್ನ ಹೇಗೆ ಕೇಳುದು?’

ಅಂದಿನಿಂದ ಯಾವುದನ್ನೂ ದುಡ್ಡು ಕೊಟ್ಟು ತೆಗೆದುಕೊಳ್ಳುವ ಮೊದಲು ಮಾದರಿ ತುಣುಕು ಕೇಳಿಯೇ ಕೇಳುತ್ತೇನೆ, ಅದೂ ಸಂಭಾಷಣೆ ಇರುವ ತುಣುಕು ಸಿಕ್ಕರೆ ಒಳ್ಳೆಯದು. ನಿರೂಪಣೆಯನ್ನು ಯಾರಾದರೂ ಸುಮಾರಾಗಿ ಓದಿಬಿಡುತ್ತಾರೆ. ಮುದುಕ, ಮಗು, ಜಗಳಗಂಟಿ ಬಂದಾಗ ಬಣ್ಣ ಬಯಲಾಗುತ್ತದೆ. ಲ, ಳ ಬೇರೆ ಬೇರೆ ಕೇಳುತ್ತವೆಯೇ? ‘ಹಾಲು’ ‘ಆಲು’ ಆಗಿದೆಯೇ? ಮಹಾಪ್ರಾಣ ಇಲ್ಲದ ಕಡೆ ತುರುಕಿದ್ದಾರೆಯೇ? ಹಿನ್ನೆಲೆಯಲ್ಲಿ ಕೊಳಲು ನಿಲ್ಲದೆ ಊದುತ್ತಿದೆಯೇ? ಈ ಕೊನೆಯದು ಲೋಕಲ್‌ನಲ್ಲಿ ಅಸಹ್ಯ ಹಿಂಸೆ, ಗಾಡಿಯ ಸದ್ದಿನ ಮೇಲೆ ಕೊಳಲು, ಕೊಳಲಿನ ಕೆಳಗೆಲ್ಲೋ ಕಥೆ.

ಇ-ಪುಸ್ತಕವನ್ನು ಫೋನೇ ಓದಿ ಹೇಳುವ ವ್ಯವಸ್ಥೆಯೂ ಇದೆ. ಕನ್ನಡದ ಯಂತ್ರದನಿ ಮೊದಲಿಗಿಂತ ಸುಧಾರಿಸಿದೆ. ಪತ್ರಿಕೆಯ ಲೇಖನಕ್ಕೆ ಸಾಕು. ಕಥೆಗೆ ಬೇಡ, ಸತ್ತ ಸುದ್ದಿಯನ್ನೂ ಮದುವೆಯ ಸುದ್ದಿಯನ್ನೂ ಒಂದೇ ರಾಗದಲ್ಲಿ ಹೇಳುತ್ತದೆ.

ವೇಗದ ಗುಂಡಿಯ ಬಗ್ಗೆ ಎರಡು ಮಾತು. 200 ಪುಟದ ಕಾದಂಬರಿ ಓದಲು ನನಗೆ ಐದು ಗಂಟೆ ಸಾಕು, ಅದನ್ನೇ ಕೇಳಲು ಏಳು ಬೇಕು. ಹಾಗಾಗಿ 1.25ರ ವೇಗದಲ್ಲಿ ಕೇಳುತ್ತೇನೆ. 1.5ಕ್ಕೆ ಹೋದರೆ ಚೆನ್ನಾಗಿ ಓದಿ ಹೇಳುವವರು ಬೇಕೆಂದೇ ಬಿಟ್ಟ ಮೌನಗಳೆಲ್ಲ ನುಂಗಿಹೋಗುತ್ತವೆ. ವರ್ಷಕ್ಕೆ ನೂರು ಪುಸ್ತಕ ಮುಗಿಸಿದೆ ಎಂದು ಎರಡರ ವೇಗದಲ್ಲಿ ಕೇಳಿ ಲೆಕ್ಕ ಹೇಳುವವರೂ ಇದ್ದಾರೆ. ಊಟವನ್ನು ಗಡಿಯಾರ ಹಿಡಿದು ಮಾಡುವವರನ್ನು ನಾನು ನೋಡಿದ್ದು ವಿ.ಟಿ. (ಈಗಿನ ಸಿಎಸ್‌ಎಂಟಿ) ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಮಾತ್ರ, ಅವರಿಗಾದರೆ ಗಾಡಿ ಹಿಡಿಯುವ ಕಾರಣವಿತ್ತು.

ಎಲ್ಲಿ ಸಿಗುತ್ತದೆ, ಎಲ್ಲಿಡುವುದು

ಆಯ್ಕೆಯಲ್ಲಿ ಅಚ್ಚಿನ ಪುಸ್ತಕವೇ ಮುಂದು, ಅದೂ ಬಹಳ ಮುಂದು. ಕನ್ನಡದಲ್ಲಿ ಬಂದ ಪುಸ್ತಕಗಳಲ್ಲಿ ದನಿಯಾದವು ತೀರಾ ಕಡಿಮೆ. ಮೈಲ್ಯಾಂಗ್‌ನಂಥ ಕನ್ನಡದ್ದೇ ಆದ ಆ್ಯಪ್‌ಗಳು ಬಂದ ಮೇಲೆ ಪಟ್ಟಿ ಬೆಳೆಯುತ್ತಿದೆ, ನಿಜ. ಆದರೂ ನಿಮಗೆ ಬೇಕಾದ ಲೇಖಕರ ನಿಮಗೆ ಬೇಕಾದ ಪುಸ್ತಕವೇ ಕೇಳಲು ಸಿಗುತ್ತದೆ ಎಂಬ ಭರವಸೆ ಬೇಡ. ಯೂಟ್ಯೂಬಿನಲ್ಲಿ ಯಾರೋ ಓದಿ ಹಾಕಿದ್ದು ಸಿಗಬಹುದು. ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬದುಕಿರುವ ಲೇಖಕರ ಕಾದಂಬರಿಯನ್ನು ಅನುಮತಿ ಪಡೆದೇ ಓದಿದ್ದಾರೆಯೇ ಎಂದು ವಿವರಣೆಯಲ್ಲಿ ನೋಡಿ. ಕನ್ನಡದ ಲೇಖಕರಿಗೆ ಸಿಗುವ ಗೌರವಧನವೇ ಚಿಲ್ಲರೆ, ಅದನ್ನೂ ತಪ್ಪಿಸುವುದು ಬೇಡ.

ಹಾಗಂತ ಅಚ್ಚಿನ ಪುಸ್ತಕ ಮುಂಬೈಯಲ್ಲಿ ಮೂಲೆಯಂಗಡಿಯಲ್ಲಿ ಸಿಗುವುದೂ ಅಲ್ಲ. ನನ್ನ ಖರೀದಿಯೆಲ್ಲ ಬಹುಪಾಲು ಪುಸ್ತಕ ಬಿಡುಗಡೆಯ ದಿನ ಬಾಗಿಲ ಬಳಿ ಹಾಕಿರುತ್ತಾರಲ್ಲ, ಆ ಮೇಜಿನಿಂದ. 1926ರಲ್ಲಿ ಶುರುವಾದ ಮಾಟುಂಗಾದ ಮೈಸೂರು ಅಸೋಸಿಯೇಷನ್, ಪಶ್ಚಿಮಕ್ಕೆ ದಾಟಿದರೆ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇಂಥ ಕಡೆ ಕಾರ್ಯಕ್ರಮ ಇದ್ದರೆ ಖಾಲಿ ಚೀಲ ಹಿಡಿದೇ ಹೋಗುತ್ತೇನೆ. ಉಳಿದದ್ದು ಅಂಚೆಯಲ್ಲಿ. ನನ್ನ ತಮ್ಮ ಊರಿನಿಂದ ಪುಸ್ತಕ ಕಳಿಸುವಾಗ ಅಂಚೆ ಇಲಾಖೆ 2025ರ ಮೇ 1ರಿಂದ ಶುರು ಮಾಡಿದ ‘ಜ್ಞಾನ ಪೋಸ್ಟ್’ ಬಳಸುತ್ತಾನೆ. 300 ಗ್ರಾಮಿಗೆ 20 ರೂಪಾಯಿ, ಐದು ಕಿಲೋ ತನಕ 100 ರೂಪಾಯಿ, ಮೇಲೆ ತೆರಿಗೆ. ನೆಲಮಾರ್ಗದ ಅಂಚೆ, ಅವಸರಕ್ಕಲ್ಲ.

ಬಂದ ಪುಸ್ತಕ ಇಡುವುದೆಲ್ಲಿ ಎಂಬುದು ಆಮೇಲಿನ ಸಂಕಟ. ಒನ್ ರೂಮ್ ಕಿಚನ್‌ನಲ್ಲಿ ಸಂಸಾರ ಮಾಡಿದವರಿಗೆ ಪುಸ್ತಕದ ಕಪಾಟು ಎಂದರೆ ಮಂಚದ ಕೆಳಗಿನ ಪೆಟ್ಟಿಗೆ. ಜುಲೈ ಮಳೆಯಲ್ಲಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ಹೊದಿಕೆಯ ಮೇಲೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸದೆ ಇಡಿ, ಬೇವಿನ ಎಲೆಯೋ ನುಸಿಗುಳಿಗೆಯೋ ಹಾಕಿ, ಗಣಪತಿ ಹಬ್ಬ ಮುಗಿದು ಬಿಸಿಲು ಬಂದೊಡನೆ ಒಮ್ಮೆ ಗಾಳಿಗೆ ಹರಡಿ. ಅಷ್ಟು ಮಾಡಿದರೂ ಕೆಲವು ರದ್ದಿವಾಲಾನ ತಕ್ಕಡಿಗೆ ಹೋಗಿವೆ.

ಆಡಿಯೋಬುಕ್‌ಗೆ ಈ ಯಾವ ರಗಳೆಯೂ ಇಲ್ಲ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 29 ಎಂಬಿ, ಹತ್ತು ಗಂಟೆಯ ಪುಸ್ತಕ 300 ಎಂಬಿಯ ಒಳಗೆ. ಮನೆಯ ವೈಫೈಯಲ್ಲೇ ಇಳಿಸಿಕೊಂಡು ಹೊರಡಿ. ಸುರಂಗದಲ್ಲೂ ನೆಲದಡಿಯ ಮೆಟ್ರೋದಲ್ಲೂ ಸಿಗ್ನಲ್ ನಂಬಿ ಕೂರಬೇಡಿ. ಆದರೆ ಕೊಳ್ಳುವಾಗ ಒಂದನ್ನು ಗಮನಿಸಿ: ಅದು ಬಿಡಿಯಾಗಿ ಕೊಂಡದ್ದೋ, ತಿಂಗಳ ಚಂದಾದಲ್ಲಿ ಸಿಕ್ಕಿದ್ದೋ? ಚಂದಾ ನಿಂತ ದಿನ ಚಂದಾದ ಪುಸ್ತಕವೂ ಹೋಗುತ್ತದೆ. ಹೀಗೆಯೇ ಒಂದು ಸಲ ನನ್ನ ಅರ್ಧ ಕೇಳಿದ ಕಾದಂಬರಿ ಕಾರ್ಡಿನ ಅವಧಿ ಮುಗಿದ ರಾತ್ರಿ ಮಾಯವಾಯಿತು. ಬಿಡಿಯಾಗಿ ಕೊಂಡದ್ದಾದರೂ ಪಕ್ಕದ ಮನೆಯವರಿಗೆ ಓದಲು ಕೊಟ್ಟ ಹಾಗೆ ಕೊಡಲಾಗದು. ನನ್ನ ಬಳಿಯಿರುವ ಹಳೆಯ ಪುಸ್ತಕಗಳಲ್ಲಿ ಮೂರು ಮನೆಯವರ ಹೆಸರುಗಳಿವೆ, ಒಬ್ಬರ ಮೇಲೊಬ್ಬರು ಗೀಟು ಎಳೆದು ಬರೆದದ್ದು.

ಕಿವಿಯ ಬಗ್ಗೆ, ಕಣ್ಣಿನ ಬಗ್ಗೆ

ಲೋಕಲ್‌ನ ಸದ್ದನ್ನು ಮೀರಿಸಲು ದನಿ ಏರಿಸುತ್ತಾ ಹೋಗುವುದು ಅಪಾಯ. ದೊಡ್ಡವರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ; ಪ್ರತಿ 3 ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧಕ್ಕರ್ಧ ಇಳಿಯುತ್ತದೆ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಆದರೆ ಹೊರಗಿನ ಸದ್ದು ಕಡಿಮೆಯಾಗಿ ಸಣ್ಣ ದನಿಯೇ ಸಾಕಾಗುತ್ತದೆ. ಪ್ಲಾಟ್‌ಫಾರ್ಮಿಗೆ ಕಾಲಿಟ್ಟ ಕೂಡಲೇ ಎರಡನ್ನೂ ತೆಗೆಯಿರಿ. ಇದರಲ್ಲಿ ರಿಯಾಯಿತಿ ಇಲ್ಲ. ಹಳಿ ದಾಟುವವರ ಕಿವಿಯಲ್ಲಿ ಇಯರ್‌ಫೋನ್ ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಚುರುಕ್ ಎನ್ನುತ್ತದೆ.

ಸಂಜೆಯ ಗಾಡಿಯ ಲೇಡೀಸ್ ಡಬ್ಬದಲ್ಲಿ ಬಟಾಣಿ ಬಿಡಿಸುವ, ಮೇಥಿ ಸೋಸುವ ಹೆಂಗಸರಿಗೆ ಆಡಿಯೋಬುಕ್‌ನಷ್ಟು ಹೊಂದುವ ಸಂಗಾತಿ ಬೇರಿಲ್ಲ. ಕೈಗೆ ಕೆಲಸ, ತಲೆಗೆ ಬಿಡುವು. ತಲೆಗೂ ಕೆಲಸವಿದ್ದರೆ, ಅಂದರೆ ಲೆಕ್ಕ ಬರೆಯುತ್ತಾ ಅಥವಾ ವಾಟ್ಸ್ಆ್ಯಪ್ ನೋಡುತ್ತಾ, ಕೇಳಿದ್ದು ಕೇಳಿದ ಲೆಕ್ಕಕ್ಕೆ ಬರುವುದಿಲ್ಲ. ಮಲಗುವಾಗ ಕೇಳುವವರು ಸ್ಲೀಪ್ ಟೈಮರ್ ಹಾಕಿ. ಹಾಕದೆ ನಿದ್ದೆಹೋದ ನಾನು ಬೆಳಿಗ್ಗೆ ಎದ್ದಾಗ ನಾಯಕಿಗೆ ಇಬ್ಬರು ಮಕ್ಕಳಾಗಿದ್ದರು. ಮಲಗುವ ಹೊತ್ತಿಗೆ ನನ್ನ ಮತ ಅಚ್ಚಿಗೇ. ನಿದ್ದೆ ಬಂದಾಗ ಪುಸ್ತಕ ತಾನಾಗಿ ಎದೆಯ ಮೇಲೆ ಬಿದ್ದು ನಿಲ್ಲುತ್ತದೆ.

ದೃಷ್ಟಿದೋಷ ಇರುವವರಿಗಾಗಿ ಕಾನೂನೇ ದಾರಿ ಮಾಡಿಕೊಟ್ಟಿದೆ. ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ ಹಕ್ಕುಸ್ವಾಮ್ಯ ಇರುವ ಪುಸ್ತಕವನ್ನೂ ಅವರಿಗೆಟುಕುವ ರೂಪಕ್ಕೆ ತರಬಹುದು. ಇದಕ್ಕೆಂದೇ ಆದ 2013ರ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದನೆ ಕೊಟ್ಟದ್ದು ಭಾರತ. ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ 2016ರಿಂದ ಇದೆ, ವರ್ಲಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ದನಿಪುಸ್ತಕಗಳ ಕೆಲಸ ಮಾಡುತ್ತಾ ಬಂದಿದೆ. ಮನೆಯಲ್ಲಿ ಅಂಥವರಿದ್ದರೆ ಮಾರುಕಟ್ಟೆಯ ಆ್ಯಪ್‌ಗಿಂತ ಮೊದಲು ಅಲ್ಲಿ ವಿಚಾರಿಸಿ.

ಎರಡನ್ನೂ ಒಟ್ಟಿಗೆ

ಅಕ್ಷರ ಬಾರದ ಮಗಳ ವಿಷಯಕ್ಕೆ ಮತ್ತೆ ಬರುತ್ತೇನೆ. ಆರು ತಿಂಗಳು ಕಥೆ ಕೇಳಿದ ಮೇಲೆ ಅವಳೇ ಒಂದು ದಿನ, ‘ಅಮ್ಮಾ, ಇದರ ಪುಸ್ತಕ ಹೇಗಿರ್ತದೆ?’ ಎಂದಳು. ಅದೇ ಸಂಗ್ರಹದ ಅಚ್ಚಿನ ಪ್ರತಿ ತರಿಸಿದೆ. ಈಗ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಫೋನನ್ನು ಸ್ಪೀಕರಿಗಿಟ್ಟು, ವೇಗ 0.75ಕ್ಕೆ ಇಳಿಸಿ, ಆ ದನಿಯ ಹಿಂದೆ ಬೆರಳು ಓಡಿಸುತ್ತಾಳೆ. ದೇವನಾಗರಿ ಗೊತ್ತಿರುವುದರಿಂದ ಕಾಗುಣಿತದ ತರ್ಕ ಹೊಸತಲ್ಲ. ಒತ್ತಕ್ಷರ ಬಂದಾಗ ಮಾತ್ರ ಬೆರಳು ನಿಲ್ಲುತ್ತದೆ, ದನಿ ಮುಂದೆ ಹೋಗಿಬಿಡುತ್ತದೆ. ಆಗ ಅವಳು ನಿಲ್ಲಿಸುವ ಗುಂಡಿ ಒತ್ತುತ್ತಾಳೆ. ಕನ್ನಡಕವಿಲ್ಲದ ಅತ್ತೆ ಮಂಚದಿಂದಲೇ ಕೇಳುತ್ತಾರೆ:

‘ಎಂತ ಆಯ್ತು? ಯಾವ ಅಕ್ಷರ?’

‘ಅಜ್ಜಿ, ಕ ಕೆಳಗೆ ಎಂತದೋ ಬಾಲ.’

‘ಬಾಲ ಬಲಗಡೆ ತಿರುಗಿದ್ಯಾ, ಒಳಗಡೆಯಾ?’

ಕಳೆದ ವಾರ ನಾಲ್ಕು ಪುಟಕ್ಕೆ ಒಂದೂವರೆ ಗಂಟೆ ಹಿಡಿಯಿತು.